ಸಾವನದುರ್ಗದಿಂದ ಅಕ್ಕೂರಿಗೆ, ವಾಷಿಂಗ್ಟನ್ ದಾರಿಯಾಗಿ

ಮಂಚನಬೆಲೆ ಕಡೆಯಿಂದ ಬರುವವರಿಗೆ ಸಾವನದುರ್ಗ ಒಂದೇ ಸಲಕ್ಕೆ ಕಾಣಿಸುವುದಿಲ್ಲ. ಮರಗಳ ಸಂದಿಯಲ್ಲಿ ಮೊದಲು ಒಂದು ಕಪ್ಪು ಗೋಡೆ. ತಿರುವು ಕಳೆದ ಮೇಲೆ ಅದೇ ಗೋಡೆಯ ಇನ್ನೊಂದು ತುಂಡು. ಇದೇನು ಎಂದು ಕೇಳುವಷ್ಟರಲ್ಲಿ ಮರಗಳೆಲ್ಲ ಪಕ್ಕಕ್ಕೆ ಸರಿದು ಇಡೀ ಬೆಟ್ಟ ಎದುರಿಗೆ ಬಂದು ನಿಂತಿರುತ್ತದೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ ಎನ್ನುವ ಲೆಕ್ಕ ಬುಡದಲ್ಲಿ ನಿಂತವರ ಕೆಲಸಕ್ಕೆ ಬಾರದು. ಕತ್ತು ಎಷ್ಟು ಹಿಂದಕ್ಕೆ ವಾಲಿಸಿದರೂ ಕಲ್ಲು ಮುಗಿಯುವುದಿಲ್ಲ. ಒಂದು ಮೈ ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ಅಬ್ಬಾ ಎನ್ನುವುದಕ್ಕೂ ಉಸಿರು ಬೇಕು.

ನಾನೂ ನನ್ನ ಅಕ್ಕನ ಮಗಳೂ ಅಕ್ಕೂರಿಗೆ ಹೊರಟಿದ್ದೆವು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಅವಳ ಅಪ್ಪನ ತಾಯಿ ಇರುವ ಊರು. ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಚನ್ನಪಟ್ಟಣ ಸೇರಿ ಒಳಕ್ಕೆ ತಿರುಗಿದ್ದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಿದ್ದೆವು. ಸುತ್ತು ಬಳಸಿ ಮಾಗಡಿ ಸೀಮೆಗೆ ಬಂದದ್ದು ನನ್ನ ಹಟ. ಟೆಕ್ಸಾಸಿನಲ್ಲಿ ಕೆಲಸ ಮಾಡುವ ಹುಡುಗಿ ಅವಳು. ಬಂದಾಗಿನಿಂದ ಕಣ್ಣೆಲ್ಲ ಮೊಬೈಲಿನಲ್ಲಿ, ವೀಸಾ ಸ್ಟಾಂಪಿಂಗಿಗೆ ಸಿಕ್ಕಿದ ದಿನ ಮುಂದಕ್ಕೆ ಹೋಯಿತೋ ಏನೋ ಎಂಬ ಆತಂಕದಲ್ಲಿ. ಈ ಬಂಡೆಯನ್ನು ತೋರಿಸಿದರೆ ಒಂದು ಗಳಿಗೆ ತಲೆ ಎತ್ತಿಯಾಳು ಎಂದುಕೊಂಡಿದ್ದೆ. ಎತ್ತಿದಳು, ಇಳಿಸಲಿಲ್ಲ.

“ಇದರ ಮೇಲೆ ಕೋಟೆ ಇತ್ತಾ ಮಾಮ? ಹತ್ತಿದ್ದಾದರೂ ಹೇಗೆ?”

ಬುಡದಲ್ಲಿ ಸಾವಂದಿ ವೀರಭದ್ರನ ಗುಡಿ. ಅದರ ಹತ್ತಿರ ನೆರಳು ನೋಡಿ ಕೂತು, ಎಳನೀರು ಕುಡಿಯುತ್ತ ಹೇಳಿದೆ. ಟಿಪ್ಪುವಿನ ಕಾಲಕ್ಕೆ ಈ ದುರ್ಗಕ್ಕೆ ಲಗ್ಗೆ ಹಾಕುವುದೇ ಹುಚ್ಚು ಎಂದು ಎಲ್ಲರೂ ನಂಬಿದ್ದರು. ಸುತ್ತ ಬಿದಿರಿನ ಮೆಳೆ, ನಡುವೆ ಈ ಕಲ್ಲು. ಲಾರ್ಡ್ ಕಾರ್ನ್‌ವಾಲಿಸ್ ಆ ಮೆಳೆ ಕಡಿಸಿ ಫಿರಂಗಿ ಎಳೆಸಿಕೊಂಡು ಬಂದ. ಕೆಲವು ದಿನ ಗುಂಡು ಹಾರಿಸಿ ಗೋಡೆ ಒಡೆಸಿ, 1791ರ ಡಿಸೆಂಬರ್ 21ರಂದು ದುರ್ಗ ಹಿಡಿದ. ಅದರ ಬೆನ್ನಿಗೇ ರಾಮಗಿರಿ ಬಿತ್ತು. ಆಚೆ ಕಾಣುತ್ತದಲ್ಲ, ಇವತ್ತಿನ ರಾಮನಗರದ ಬೆಟ್ಟ, ಅದೇ.

ನನಗೆ ಬೆರಗು ಹುಟ್ಟಿಸಿದ್ದು ಯುದ್ಧವಲ್ಲ, ಆ ತಾರೀಖು. ಕಾರ್ನ್‌ವಾಲಿಸನ ಸಿಪಾಯಿಗಳು ಈ ಕಲ್ಲು ಹತ್ತುತ್ತಿದ್ದ ಕಾಲಕ್ಕೆ, ಅವನಿಗಿಂತ ಮೊದಲು ಗವರ್ನರ್ ಜನರಲ್ ಆಗಿದ್ದ ವಾರೆನ್ ಹೇಸ್ಟಿಂಗ್ಸ್ ಲಂಡನ್ನಿನಲ್ಲಿ ಆರೋಪಿ. ಬಂಗಾಳ, ಕಾಶಿ, ಅವಧದಲ್ಲಿ ಅವನು ನಡೆಸಿದ ಅನ್ಯಾಯಗಳನ್ನು ಮುಂದಿಟ್ಟುಕೊಂಡು ಎಡ್ಮಂಡ್ ಬರ್ಕ್ ಮುಂತಾದವರು ಅವನ ಮೇಲೆ ವಾಗ್ದಂಡನೆ ತಂದಿದ್ದರು. ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ವಿಚಾರಣೆ ಶುರುವಾದದ್ದು 1788ರ ಫೆಬ್ರವರಿ 13ಕ್ಕೆ, ಅವನು ನಿರ್ದೋಷಿ ಎಂದು ತೀರ್ಮಾನವಾದದ್ದು 1795ರ ಏಪ್ರಿಲಿನಲ್ಲಿ. ಅಂದರೆ ಒಬ್ಬ ಗವರ್ನರ್ ಜನರಲ್ ಇಂಡಿಯಾದಲ್ಲಿ ಮಾಡಿದ್ದಕ್ಕೆ ಅಲ್ಲಿ ಜವಾಬು ಹೇಳುತ್ತಿದ್ದಾಗಲೇ, ಇನ್ನೊಬ್ಬ ಇಲ್ಲಿ ಮಾಗಡಿ ಕಾಡಿನಲ್ಲಿ ಫಿರಂಗಿಗೆ ಮದ್ದು ತುಂಬಿಸುತ್ತಿದ್ದ.

ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಲಂಡನ್ನಿನಲ್ಲಿ ಹೇಸ್ಟಿಂಗ್ಸ್ ಮೇಲೆ ಆರೋಪ ಹೊರಿಸುತ್ತಿದ್ದ 1787ರಲ್ಲೇ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೊಸ ದೇಶದ ಸಂವಿಧಾನ ಬರೆಯುತ್ತಿದ್ದರು. ಎಂತೆಂಥ ತಪ್ಪಿಗೆ ಅಧಿಕಾರದಲ್ಲಿರುವವನನ್ನು ವಾಗ್ದಂಡನೆಗೆ ಗುರಿಮಾಡಬಹುದು ಎಂಬ ಚರ್ಚೆ ಸೆಪ್ಟೆಂಬರ್ 8ರಂದು ನಡೆಯಿತು. ದೇಶದ್ರೋಹ, ಲಂಚ ಎಂದಿಷ್ಟೇ ಬರೆದಿದ್ದರು. ಜಾರ್ಜ್ ಮೇಸನ್ ಎದ್ದು, ಇದು ಸಾಲದು, ಹೇಸ್ಟಿಂಗ್ಸನನ್ನೇ ನೋಡಿ, ಅವನ ಮೇಲಿರುವುದು ದೇಶದ್ರೋಹದ ಆರೋಪ ಅಲ್ಲವಲ್ಲ ಎಂದ. ದುರಾಡಳಿತ ಎಂಬುದನ್ನೂ ಸೇರಿಸಿ ಎಂದು ಸೂಚಿಸಿದ. ಜೇಮ್ಸ್ ಮ್ಯಾಡಿಸನ್ ಒಪ್ಪಲಿಲ್ಲ. ಅಷ್ಟು ಸಡಿಲವಾಗಿ ಬರೆದರೆ ಅಧಿಕಾರದಲ್ಲಿರುವವನು ಸೆನೆಟ್ಟಿನ ಮರ್ಜಿ ಇರುವ ತನಕ ಮಾತ್ರ ಇರಬೇಕಾಗುತ್ತದೆ ಎಂಬುದು ಅವನ ತಕರಾರು. ಕೊನೆಗೆ ಘೋರ ಅಪರಾಧಗಳು, ದುರ್ನಡತೆಗಳು ಎಂಬ ಅರ್ಥದ ಹಳೆಯ ಇಂಗ್ಲಿಷ್ ಮಾತು ಸೇರಿತು. ಅಮೆರಿಕದ ಅಧ್ಯಕ್ಷರ, ಮಂತ್ರಿಗಳ ತಲೆಯ ಮೇಲೆ ಇವತ್ತಿಗೂ ತೂಗುವ ಆ ಸಾಲಿನ ಹಿಂದೆ ನಮ್ಮ ಕಾಶಿ, ನಮ್ಮ ಅವಧದ ಬೇಗಮರು ಇದ್ದಾರೆ. ಸಾವನದುರ್ಗದ ಬುಡದಲ್ಲಿ ಕೂತು ಇದನ್ನು ನೆನೆಯುವುದಕ್ಕೂ ಮನೆಯಲ್ಲಿ ಪುಸ್ತಕ ಬಿಡಿಸಿಕೊಂಡು ಓದುವುದಕ್ಕೂ ಎಷ್ಟು ವ್ಯತ್ಯಾಸ!

ಹುಡುಗಿ ಎಳನೀರಿನ ಬುರುಡೆ ಕೆಳಗಿಟ್ಟು, “ಹಾಗಾದ್ರೆ ನಮ್ಮ ಮಯೋರ್ಕಾಸ್ ಕೇಸಿಗೂ ಈ ಬಂಡೆಗೂ ನಂಟಿದೆ ಅನ್ನಿ” ಎಂದಳು.

ನಮ್ಮ ಮಯೋರ್ಕಾಸ್! ಅವಳು ಹಾಗೆನ್ನುವುದಕ್ಕೆ ಕಾರಣವಿತ್ತು. ಅವಳ ಕೆಲಸದ ಪರವಾನಗಿ, ಮುಂದೊಂದು ದಿನ ಬರಬಹುದಾದ ಗ್ರೀನ್ ಕಾರ್ಡು, ಎರಡರ ಅರ್ಜಿಯೂ ಹೋಗುವುದು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಕೈಕೆಳಗಿನ ಕಚೇರಿಗೆ. ಅಲೆಹಾಂದ್ರೊ ಮಯೋರ್ಕಾಸ್ ಆ ಇಲಾಖೆಯ ಮಂತ್ರಿಯಾಗಿದ್ದವರು. ಗಡಿ ಕಾಯುವುದೂ ಅದೇ ಇಲಾಖೆ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮೆಕ್ಸಿಕೊ ಗಡಿ ದಾಟಿ ಸಿಕ್ಕಿಬಿದ್ದವರು ಸುಮಾರು ಎರಡೂವರೆ ಲಕ್ಷ. ಗಡಿಯ ಕಾನೂನನ್ನು ಬೇಕೆಂದೇ ಜಾರಿ ಮಾಡಲಿಲ್ಲ, ಜನರ ನಂಬಿಕೆಗೆ ದ್ರೋಹ ಬಗೆದರು ಎಂದು ಎರಡು ಆರೋಪ ಬರೆದು ರಿಪಬ್ಲಿಕನ್ ಪಕ್ಷದವರು ಅವರ ಮೇಲೆ ವಾಗ್ದಂಡನೆ ತಂದರು. ಈ ಮಂತ್ರಿಯೇ ಒಂದು ಕಾಲಕ್ಕೆ ಗಡಿ ದಾಟಿ ಬಂದ ಕೂಸು. 1959ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿ, ಮರುವರ್ಷ ತಂದೆ ತಾಯಿಯ ಜೊತೆ ನಿರಾಶ್ರಿತನಾಗಿ ಅಮೆರಿಕ ಸೇರಿದವರು.

ವಾಗ್ದಂಡನೆಯ ಕಥೆಯನ್ನು ಅವಳು ಹೇಳಿದ ರೀತಿ ಕ್ರಿಕೆಟ್ ಮ್ಯಾಚಿನ ಕೊನೇ ಓವರಿನ ಹಾಗಿತ್ತು. 2024ರ ಫೆಬ್ರವರಿ 6ರಂದು ಕೆಳಮನೆಯಲ್ಲಿ ಮತಕ್ಕೆ ಹಾಕಿದರು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ಅಲ್ ಗ್ರೀನ್ ಎಂಬ ಸದಸ್ಯರು ಗಾಲಿಕುರ್ಚಿಯಲ್ಲಿ ಬಂದು ವಿರುದ್ಧ ಮತ ಹಾಕಿದರು. ಮೂವರು ರಿಪಬ್ಲಿಕನ್ನರೂ ಪಕ್ಷದ ಮಾತು ಕೇಳಲಿಲ್ಲ. ಗೊತ್ತುವಳಿ 214–216ರಲ್ಲಿ ಬಿತ್ತು. ವಾರ ಕಳೆದು ಫೆಬ್ರವರಿ 13ರಂದು ಮತ್ತೆ ಹಾಕಿದರು. ಈ ಸಲ ರಿಪಬ್ಲಿಕನ್ನರ ಕಡೆಯಿಂದ, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಸ್ಟೀವ್ ಸ್ಕಲೀಸ್ ಹಾಜರಾದರು. 214–213. ಒಂದೇ ಒಂದು ಮತ! 1876ರಲ್ಲಿ ಯುದ್ಧಮಂತ್ರಿ ವಿಲಿಯಂ ಬೆಲ್‌ನ್ಯಾಪ್ ಮೇಲೆ ಆರೋಪ ಹೊರಿಸಿದ ನಂತರ ಅಮೆರಿಕದ ಮಂತ್ರಿಯೊಬ್ಬರು ವಾಗ್ದಂಡನೆಗೆ ಗುರಿಯಾದದ್ದು ಅದೇ ಮೊದಲು. ಫೆಬ್ರವರಿ 13, ಹೇಸ್ಟಿಂಗ್ಸನ ವಿಚಾರಣೆ ಶುರುವಾದ ತಾರೀಖು. ಕಾಕತಾಳೀಯ ಅಷ್ಟೆ, ಆದರೂ ಮೈ ಜುಮ್ಮೆಂದಿತು.

“ಆಮೇಲೆ? ಕೆಲಸ ಹೋಯ್ತಾ?” ಎಂದೆ.

“ಎಲ್ಲಿ ಹೋಗುತ್ತೆ ಮಾಮ! ಸೆನೆಟ್ಟಿಗೆ ಬಂತು. ಏಪ್ರಿಲ್ 17ಕ್ಕೆ ಸೆನೆಟರುಗಳೆಲ್ಲ ಪ್ರಮಾಣ ತಗೊಂಡ್ರು. ಸಾಕ್ಷಿ ಇಲ್ಲ, ವಾದ ಇಲ್ಲ, ಮೂರು ಗಂಟೇಲಿ ಎಲ್ಲ ಮುಗೀತು.” ಮೊದಲ ಆರೋಪ 51–48, ಎರಡನೆಯದು 51–49ರಲ್ಲಿ ಸಂವಿಧಾನದ ಅಳತೆಗೆ ಬರುವುದಿಲ್ಲ ಎಂದು ವಜಾ ಆದವು. ನೀತಿಯಲ್ಲಿ ಭಿನ್ನಾಭಿಪ್ರಾಯ ಬೇರೆ, ಅಪರಾಧ ಬೇರೆ ಎಂಬುದು ಡೆಮಾಕ್ರಾಟರ ವಾದ. ಅಂದರೆ ಮ್ಯಾಡಿಸನ್ನನ ಹಳೆಯ ತಕರಾರೇ. ಇನ್ನೂರ ಮೂವತ್ತಾರು ವರ್ಷ ಕಳೆದರೂ ಆ ದೇಶ ಅದೇ ಸಾಲಿನಲ್ಲಿ ನಿಂತಿತ್ತು.

ಮಾಗಡಿ ಕಡೆಯಿಂದ ರಾಮನಗರಕ್ಕೆ ಬರುವ ದಾರಿಯುದ್ದಕ್ಕೂ ಕಲ್ಲೇ ಕಲ್ಲು. ಬಂಡೆ ತಲೆಯ ಮೇಲೆ ಬಂಡೆ, ಅದರ ನೆತ್ತಿಯಲ್ಲಿ ಇನ್ನೊಂದು, ಈಗ ಉರುಳೀತೋ ಆಗ ಉರುಳೀತೋ ಎನ್ನಿಸುವಂಥದು. ಉರುಳುವುದಿಲ್ಲ. ಈ ಶಿಲೆಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ಟಿಪ್ಪು ಅಳಿದ ಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸನ ಹೆಸರು ಊರಿಗೆ ಅಂಟಿತು, ಊರಿನಿಂದ ಕಲ್ಲಿಗೆ ಅಂಟಿತು. ಊರು ಆ ಹೆಸರು ಕೊಡವಿಕೊಂಡು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರ ಮೇ ತಿಂಗಳಲ್ಲಿ ಸರ್ಕಾರ ಅದೇ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ತೀರ್ಮಾನಿಸಿತು. ಕಲ್ಲು ಮಾತ್ರ ಇನ್ನೂ ಕ್ಲೋಸನ ಲೆಕ್ಕದಲ್ಲೇ ಇದೆ. ಈ ಗ್ರಾನೈಟ್ ಇಲ್ಲಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದ ಚಾಚಿಕೊಂಡು ತುಮಕೂರು, ಪಾವಗಡ ದಾಟಿ ಬಳ್ಳಾರಿ ಸೀಮೆಯವರೆಗೂ ಹೋಗುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿರಲಿ.

ರಾಮನಗರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಮಾಮೂಲಿನ ಗಲಾಟೆ. ರಾಮದೇವರಬೆಟ್ಟದ ಮೇಲೆ ಉದ್ದಕೊಕ್ಕಿನ ರಣಹದ್ದುಗಳಿವೆ, ಅವಕ್ಕೆಂದೇ 2012ರಲ್ಲಿ ಧಾಮ ಮಾಡಿದ್ದಾರೆ. ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ. ‘ಶೋಲೆ’ ತೆಗೆದ ಜಾಗ ತೋರಿಸಲೇ ಎಂದು ಆಟೋದವರೊಬ್ಬರು ಬೆನ್ನು ಹತ್ತಿದರು. ನಾವು ಕೆಂಗಲ್ಲಿಗೆ ಹೋಗಬೇಕಿತ್ತು.

ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹಳೆಯ ಮೈಸೂರು ರಸ್ತೆಗೆ ಅಂಟಿಕೊಂಡೇ ಕೆಂಗಲ್ ಆಂಜನೇಯ ಇದ್ದಾನೆ. ಇಲ್ಲಿನ ದನದ ಜಾತ್ರೆ ಇಡೀ ಸೀಮೆಗೆ ಗೊತ್ತು. ಹೊಸ ಹೆದ್ದಾರಿಯಲ್ಲಿ ಸಾಗುವ ಕಾರುಗಳು ಈಗ ಇತ್ತ ಸುಳಿಯುವುದಿಲ್ಲವಾದ್ದರಿಂದ ಗುಡಿಯಲ್ಲಿ ಒಳ್ಳೆ ನೆಮ್ಮದಿ. ಈ ದೇವರ ಹೆಸರನ್ನು ತನ್ನ ಹೆಸರಿನ ಹಿಂದೆ ಹೊತ್ತು ವಿಧಾನಸೌಧದ ತನಕ ನಡೆದ ಮನುಷ್ಯನೊಬ್ಬನಿದ್ದ. ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯ.

“ವಿಧಾನಸೌಧ ಕಟ್ಟಿಸಿದವರು” ಎಂದಳು ಹುಡುಗಿ. ಅಷ್ಟು ಎಲ್ಲರಿಗೂ ಗೊತ್ತು. 1952ರ ಮಾರ್ಚಿನಲ್ಲಿ ಮೈಸೂರಿನ ಮುಖ್ಯಮಂತ್ರಿಯಾದರು, ಇದೇ ಗ್ರಾನೈಟಿನ ಬಳಗದ ಕಲ್ಲು ತರಿಸಿ ಅರಮನೆ ನಾಚುವಂಥ ಕಟ್ಟಡ ಎಬ್ಬಿಸಿದರು, ಸರ್ಕಾರದ ಕೆಲಸ ದೇವರ ಕೆಲಸ ಎಂದು ಅದರ ಹಣೆಯ ಮೇಲೆ ಬರೆಸಿದರು. ಅದು ಪೂರ್ತಿಯಾದ 1956ರಲ್ಲೇ ಕುರ್ಚಿ ಕಳೆದುಕೊಂಡರು. ಯಾಕೆ ಕಳೆದುಕೊಂಡರು ಎಂದು ಕೇಳಿ ನೋಡಿ. ಈ ಸೀಮೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಟ್ಟಡಕ್ಕೆ ದುಡ್ಡು ಸುರಿದರು ಎನ್ನುವವರು ಕೆಲವರು. ಯಾರ ಮಾತೂ ಕೇಳುವ ಗುಣ ಅವರದ್ದಲ್ಲ ಎನ್ನುವವರು ಕೆಲವರು. ನನಗೆ ಮೂರನೆಯ ಕಾರಣದ ಮೇಲೆ ಕಣ್ಣು. ಅದು ಗಡಿ.

ಆ ಕಾಲದ ಗಡಿ ಗೊಂದಲವನ್ನು ಇವತ್ತು ಊಹಿಸಿಕೊಳ್ಳುವುದೇ ಕಷ್ಟ. ಕನ್ನಡ ಮಾತಾಡುವವರು ಮುಂಬೈ ರಾಜ್ಯದಲ್ಲಿದ್ದರು, ಹೈದರಾಬಾದಿನಲ್ಲಿದ್ದರು, ಮದರಾಸಿನಲ್ಲಿದ್ದರು, ಕೊಡಗು ಬೇರೆಯೇ ರಾಜ್ಯ, ಹಳೇ ಮೈಸೂರು ತನ್ನ ಪಾಡಿಗೆ ತಾನು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕು ಮೈಸೂರಿಗೆ ಸೇರಿದವು. ಆಗ ಮುಖ್ಯಮಂತ್ರಿ ಹನುಮಂತಯ್ಯನವರೇ. ಅದಕ್ಕೆ ಮೊದಲೇ ಬಳ್ಳಾರಿ ತಾಲ್ಲೂಕು ಯಾರಿಗೆ ಎಂದು ತೀರ್ಮಾನಿಸಲು ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಬಂದು ವಿಚಾರಣೆ ನಡೆಸಿ ಹೋದರು. 1955ರ ಸೆಪ್ಟೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗದ ವರದಿ ಬಂದಾಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಮತ್ತೆ ಆಂಧ್ರಕ್ಕೆ ಕೊಡುವ ಶಿಫಾರಸು ಅದರಲ್ಲಿತ್ತು. ಕಾಸರಗೋಡನ್ನು ಕೇರಳಕ್ಕೆ ಸೇರಿಸುವ ಶಿಫಾರಸೂ ಇತ್ತು. ಬಳ್ಳಾರಿ ಉಳಿಯಿತು, ಕಾಸರಗೋಡು ಹೋಯಿತು. ಗಡಿ ಕಾಯುವುದು ಎಂದರೆ ಅಂದಿಗೆ ಮನವಿಪತ್ರ, ಜನಗಣತಿಯ ಪಟ್ಟಿ, ಉಪವಾಸ, ದೆಹಲಿಗೆ ರೈಲು ಪ್ರಯಾಣ.

ಹೊರಗಿನ ಗಡಿಗಿಂತ ಒಳಗಿನದು ಬಿಗಿಯಾಗಿತ್ತು. ಉತ್ತರದ ಜಿಲ್ಲೆಗಳೆಲ್ಲ ಬಂದು ಸೇರಿದರೆ ನಮ್ಮ ಕಾವೇರಿ ಕರೆಂಟು, ನಮ್ಮ ಖಜಾನೆ ಹಂಚಬೇಕಾಗುತ್ತದೆ, ವಿಧಾನಸಭೆಯಲ್ಲಿ ನಮ್ಮ ಜನ ಕಡಿಮೆಯಾಗುತ್ತಾರೆ ಎಂಬ ಭಯ ಹಳೇ ಮೈಸೂರಿನ ಕಾಂಗ್ರೆಸ್ಸಿನಲ್ಲೇ ಆಳವಾಗಿತ್ತು. ಹನುಮಂತಯ್ಯನವರ ಸ್ವಂತ ಸಮುದಾಯದ ಮುಂದಾಳುಗಳಲ್ಲೇ ಅನೇಕರು ಏಕೀಕರಣ ಬೇಡ ಎಂದರು. ಬರುತ್ತಿದ್ದವರು ಯಾರು? ಧಾರವಾಡದವರು, ಬಿಜಾಪುರದವರು, ರಾಯಚೂರಿನವರು, ಕನ್ನಡದವರೇ. ಅವರನ್ನು ಕಂಡರೆ ಈ ಭಯ! ಹನುಮಂತಯ್ಯ ಏಕೀಕರಣದ ಪರ ನಿಂತರು. ಗಡಿ ತೆರೆದ ಮುಖ್ಯಮಂತ್ರಿ ಎನ್ನಿ.

1956ರ ಆಗಸ್ಟ್ ತಿಂಗಳಿನಲ್ಲಿ ಸ್ವಂತ ಪಕ್ಷದ ಶಾಸಕರ ವಿಶ್ವಾಸವೇ ಇಲ್ಲದಾಗಿ ಅವರು ರಾಜೀನಾಮೆ ಕೊಟ್ಟರು. 19ನೇ ತಾರೀಖು ಕಡಿದಾಳ್ ಮಂಜಪ್ಪ ಆ ಜಾಗಕ್ಕೆ ಬಂದರು. ರಾಜ್ಯಗಳ ಪುನರ್ವಿಂಗಡಣೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ ಆಗಸ್ಟ್ 31ರಂದು. ಹನ್ನೆರಡು ದಿನದ ಅಂತರ. ನವೆಂಬರ್ 1ಕ್ಕೆ ವಿಶಾಲ ಮೈಸೂರು ಉದಯವಾದಾಗ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದವರು ಎಸ್. ನಿಜಲಿಂಗಪ್ಪ. ಈ ಗುಡಿಯ ಕಲ್ಲುಗಂಬಕ್ಕೆ ಒರಗಿ ನಾನು ಯೋಚಿಸಿದ್ದು ಆ ಗ್ರಾನೈಟ್ ಪಟ್ಟಿಯನ್ನು. ಲಕ್ಕಪ್ಪನಹಳ್ಳಿಯ ಕಲ್ಲೂ ಬಳ್ಳಾರಿಯ ಕಲ್ಲೂ ಒಂದೇ ಮೈಯಾಗಿ 250 ಕೋಟಿ ವರ್ಷವಾಗಿದೆ. ಮೇಲಿನ ಮನುಷ್ಯರನ್ನು ಒಂದು ಮಾಡಲು ಹೋದವರಿಗೆ ನಾಲ್ಕೂವರೆ ವರ್ಷವೂ ಪೂರ್ತಿ ಸಿಗಲಿಲ್ಲ.

“ಆರೋಪ ಏನಿತ್ತು ಮಾಮ? ಅಂದ್ರೆ, ಬರೆದು ಕೊಟ್ಟಿರ್ತಾರಲ್ಲ, ಆರ್ಟಿಕಲ್ ಒಂದು, ಎರಡು ಅಂತ?”

ಇದೇ ಪ್ರಶ್ನೆಗೆ ನಾನು ಕಾದಿದ್ದೆ. ಏನೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಮ್ಮ ಸಂವಿಧಾನದಲ್ಲಿ ವಾಗ್ದಂಡನೆ, ಅಂದರೆ ಮಹಾಭಿಯೋಗ, ಇರುವುದು ರಾಷ್ಟ್ರಪತಿಗೆ, 61ನೇ ವಿಧಿಯಲ್ಲಿ. ಅದೇ ಬಗೆಯ ಪದಚ್ಯುತಿ ನ್ಯಾಯಮೂರ್ತಿಗಳಿಗಿದೆ. ಮಂತ್ರಿಗಳಿಗಿಲ್ಲ. 164ನೇ ವಿಧಿಯ ಪ್ರಕಾರ ರಾಜ್ಯದ ಮಂತ್ರಿಗಳು ರಾಜ್ಯಪಾಲರ ಮರ್ಜಿ ಇರುವ ತನಕ ಇರುತ್ತಾರೆ, ಎಲ್ಲರೂ ಒಟ್ಟಾಗಿ ವಿಧಾನಸಭೆಗೆ ಹೊಣೆ. ಮ್ಯಾಡಿಸನ್ ಯಾವುದಕ್ಕೆ ಹೆದರಿದನೋ ಅದನ್ನೇ ನಾವು ನಿಯಮ ಮಾಡಿಕೊಂಡಿದ್ದೇವೆ. ಲೋಕಸಭೆಯಲ್ಲಿ ಅವಿಶ್ವಾಸ ಗೊತ್ತುವಳಿ ತರುವವರು ಕಾರಣ ಕೊಡಬೇಕೆಂದೂ ಇಲ್ಲ. ನಂಬಿಕೆ ಇಲ್ಲ, ಅಷ್ಟೆ. ಇನ್ನು ಪಕ್ಷದ ಸಭೆಯಲ್ಲಂತೂ ಕೈ ಎತ್ತಿದರೆ ಮುಗಿಯಿತು. ಆರೋಪಪಟ್ಟಿ ಇಲ್ಲದ ಮೇಲೆ ಪಾಟೀಸವಾಲೂ ಇಲ್ಲ, ತೀರ್ಪೂ ಇಲ್ಲ. ಹೇಸ್ಟಿಂಗ್ಸ್ ಬಿಡುಗಡೆಯಾದ, ಮಯೋರ್ಕಾಸ್ ಮೇಲಿನ ಆರೋಪ ವಜಾ ಆಯಿತು. ಹನುಮಂತಯ್ಯ ತಪ್ಪಿತಸ್ಥರೂ ಅಲ್ಲ, ನಿರ್ದೋಷಿಯೂ ಅಲ್ಲ. ಅವರ ಕೇಸು ಎಪ್ಪತ್ತು ವರ್ಷದಿಂದ ರಾಮನಗರದ ಟೀ ಅಂಗಡಿಗಳಲ್ಲಿ ನಡೆಯುತ್ತಲೇ ಇದೆ.

ಇನ್ನೊಂದು ಸಂಗತಿ ಹೇಳಿದರೆ ನಂಬುವುದು ಕಷ್ಟ. ಹನುಮಂತಯ್ಯ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. ಕರಡು ಕೊನೆಯ ಹಂತಕ್ಕೆ ಬಂದ 1949ರ ನವೆಂಬರಿನಲ್ಲಿ ಎದ್ದು ನಿಂತು, ನಾವು ಬಯಸಿದ್ದು ವೀಣೆಯ, ಸಿತಾರಿನ ನಾದ, ಕೈಗೆ ಬಂದದ್ದು ಇಂಗ್ಲಿಷ್ ಬ್ಯಾಂಡು ಎಂಬರ್ಥದ ಮಾತಾಡಿದ್ದರು. ಏಳು ವರ್ಷ ತುಂಬುವಷ್ಟರಲ್ಲಿ ಅದೇ ಬ್ಯಾಂಡು ಅವರನ್ನು ಮನೆಗೆ ಕಳಿಸಿತು. ಅದನ್ನು ಅವರು ನೆನಪಿಸಿಕೊಂಡರೋ ಇಲ್ಲವೋ! ಮುಂದೆ ದೆಹಲಿಯಲ್ಲಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. ಮಂತ್ರಿಗಳ ಮೇಲಿನ ದೂರು ವಿಚಾರಿಸಲು ಲೋಕಪಾಲ, ಲೋಕಾಯುಕ್ತ ಬೇಕು ಎಂದು ಮೊರಾರ್ಜಿ ದೇಸಾಯಿ ಮುಂದಾಳತ್ವದಲ್ಲಿ 1966ರಲ್ಲೇ ಹೇಳಿದ್ದ ಆಯೋಗ ಅದು. ಯಾವ ದೂರಿನ ವಿಚಾರಣೆಯೂ ಇಲ್ಲದೆ ಇಳಿದ ಮನುಷ್ಯ ಆ ಪೀಠದಲ್ಲಿ ಕೂತರು. ಆಮೇಲೆ ರೈಲ್ವೆ ಮಂತ್ರಿಯೂ ಆದರು.

ದೇಶದ ಗಡಿಯ ವಿಷಯದಲ್ಲೂ ನಮ್ಮ ರೀತಿ ಇದೇ. 1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಸೈನ್ಯ ಹಿಮ್ಮೆಟ್ಟಿದಾಗ ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಹೋಗಬೇಕಾದದ್ದು ಕಾಂಗ್ರೆಸ್ ಸಂಸದರ ಸಿಟ್ಟಿಗೆ. ಕಟಕಟೆ ಇರಲಿಲ್ಲ. ಅವರ ಜಾಗಕ್ಕೆ ನೆಹರೂ ಕರೆಸಿಕೊಂಡದ್ದು ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣರನ್ನು. ಬೆಳಗಾವಿ ಗಡಿಗಾಗಿ ನಮ್ಮೊಂದಿಗೆ ಜಗಳವಾಡುತ್ತಿದ್ದ ರಾಜ್ಯದಿಂದ ಬಂದವರು ಹಿಮಾಲಯದ ಗಡಿಗೆ ಹೊಣೆಯಾದರು!

ಕೆಂಗಲ್ಲಿನಿಂದ ಚನ್ನಪಟ್ಟಣ ಹತ್ತಿರವೇ. ಬೊಂಬೆ ಅಂಗಡಿಗಳ ಸಾಲು, ಅರಗಿನ ಬಣ್ಣ ಹಚ್ಚಿದ ಆಲೆಮರದ ಕುದುರೆ, ಬುಗುರಿ. ಹುಡುಗಿ ಗೆಳತಿಯ ಮಗುವಿಗೆಂದು ಒಂದು ಗಿಲಕಿ ಕೊಂಡಳು. ನಾನು ಹೊರಗೆ ನಿಂತು ಈ ಸೀಮೆಯ ಇನ್ನೊಂದು ವಿಚಿತ್ರವನ್ನು ಎಣಿಸಿದೆ. ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾಗಿ, ಪ್ರಧಾನಿಯೂ ಆದ ದೇವೇಗೌಡರು 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಸೋತರು, 158–292. ಕನಕಪುರದ ಉಪಚುನಾವಣೆ ಗೆದ್ದು ಕುರ್ಚಿ ಭದ್ರ ಮಾಡಿಕೊಂಡ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ ಬಿಟ್ಟು ಹೋದರು. ಇದೇ ಚನ್ನಪಟ್ಟಣದ ಶಾಸಕರಾಗಿದ್ದ ಕುಮಾರಸ್ವಾಮಿಯವರ ಸರ್ಕಾರ 2019ರ ಜುಲೈ 23ರಂದು 99–105ರಲ್ಲಿ ಬಿತ್ತು. ದೊಡ್ಡ ಕುರ್ಚಿಗೆ ಜನರನ್ನು ಕಳಿಸಿ ಕಳಿಸಿ, ಅವರು ಇಳಿಯುವುದನ್ನೂ ನೋಡಿ ನೋಡಿ ಈ ಸೀಮೆಯ ಮಂದಿಗೆ ಒಂದು ಬಗೆಯ ನಿರಾಳ ಬಂದುಬಿಟ್ಟಿದೆ. ಬೇರೆ ಕಡೆ ಸರ್ಕಾರ ಬಿದ್ದರೆ ಸುದ್ದಿ, ಇಲ್ಲಿ ನೆಂಟರ ಮನೆ ಸಮಾಚಾರ.

ಪೇಟೆ ಬಿಟ್ಟು ಒಳಕ್ಕೆ ತಿರುಗಿದ ಮೇಲೆ ತೆಂಗು, ಮಾವು, ಹಿಪ್ಪುನೇರಳೆ, ರಾಗಿ ಹೊಲ. ಅಕ್ಕೂರು ತಲುಪುವಾಗ ಬಿಸಿಲು ಇಳಿದಿತ್ತು. ಅಜ್ಜಿ ಮೊಮ್ಮಗಳ ಕೆನ್ನೆ ಹಿಡಿದು, “ಏನವ್ವ ಹಿಂಗ್ ಸೊರಗಿದ್ದೀಯ, ಅಲ್ಲೇನು ಮುದ್ದೆ ಸಿಗಾಕಿಲ್ವಾ” ಎಂದರು. ಮುದ್ದೆ, ಬಸ್ಸಾರು, ಮೇಲೆ ಒಂದು ಸೌಟು ತುಪ್ಪ. ಜಗಲಿಯ ಮೇಲೆ ಪಕ್ಕದ ಮನೆಯವರೊಬ್ಬರು ಬಂದು ಕೂತರು. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರು. ಹುಡುಗಿ ಅಮೆರಿಕದವಳೆಂದು ತಿಳಿದು, “ಅಲ್ಲಿ ಗಡಿಗೆ ಗೋಡೆ ಕಟ್ಟವ್ರಂತಲ್ಲವ್ವ, ನಿಂತೈತಾ?” ಎಂದು ವಿಚಾರಿಸಿದರು. ಅವಳು ಮಯೋರ್ಕಾಸ್ ಕಥೆಯನ್ನು ಇನ್ನೊಂದು ಸಲ ಹೇಳಿದಳು. ಗಾಲಿಕುರ್ಚಿ, ಒಂದು ಮತ, ಮೂರು ಗಂಟೆ.

ಅವರು ಪೂರ್ತಿ ಕೇಳಿಸಿಕೊಂಡು, “ನಮ್ ಗಡೀದು ಬೇರೇನೇ ಕಥೆ” ಎಂದರು. ತಾಲ್ಲೂಕಿನ ಈ ಭಾಗದವರಿಗೆ ಗಡಿ ಎಂದರೆ ಕಾಡಿನಂಚು. ಕಾವೇರಿ ಕಾಡಿನಿಂದ ಆನೆ ಬರುತ್ತವೆ, ತೆಂಗಿನ ಸಸಿ ಸಿಗಿಯುತ್ತವೆ, ಹಲಸಿನಹಣ್ಣಿನ ವಾಸನೆ ಹಿಡಿದು ಹಿತ್ತಿಲಿಗೇ ನುಗ್ಗುತ್ತವೆ. ಕಂದಕ ತೋಡಿದರೆ ಮಣ್ಣು ಕೆಡವಿಕೊಂಡು ದಾಟುತ್ತವೆ. ಸೋಲಾರ್ ತಂತಿ ಎಳೆದರೆ ಒಣಮರ ಅದರ ಮೇಲೆ ಉರುಳಿಸುತ್ತವೆ. ರೈಲುಕಂಬಿಯ ಬೇಲಿ ಇರುವಲ್ಲಿ ಅದು ಮುಗಿಯುವ ಜಾಗ ಹುಡುಕಿಕೊಂಡು ಸುತ್ತಿ ಬರುತ್ತವೆ. “ಯಾವ್ ಮಂತ್ರೀನ ಇಳಸ್ಬೇಕು ಹೇಳಿ ಬುದ್ಧಿ? ಅರಣ್ಯ ಮಂತ್ರಿ ಬದ್ಲಾದ್ರೆ ಆನೆಗ್ ಗೊತ್ತಾಗ್ತದಾ?”

ಮಂತ್ರಿ ಇಳಿಸುವುದು ಕೈಲಾಗದ ಮಾತು, ಪಂಚಾಯ್ತಿ ಅಧ್ಯಕ್ಷರನ್ನು ಇಳಿಸಬಹುದು ಎಂದು ಅವರೇ ಮುಂದುವರಿಸಿದರು. ಪಂಚಾಯತ್ ರಾಜ್ ಕಾಯ್ದೆಯ 49ನೇ ಸೆಕ್ಷನ್ ಅವರಿಗೆ ಬಾಯಿಪಾಠ. ಸದಸ್ಯರು ಸೂಚನೆ ಕೊಡಬೇಕು, ಎ.ಸಿ. ಸಾಹೇಬರು ಸಭೆ ಕರೆಯಬೇಕು, ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಬೇಡ ಎನ್ನಬೇಕು. ಆಚೆ ಊರಿನ ಪಂಚಾಯ್ತಿಯೊಂದರಲ್ಲಿ ಹೀಗೇ ಒಮ್ಮೆ ಎಲ್ಲ ಸಜ್ಜಾಗಿತ್ತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ಕೇಳಿದ್ದನ್ನು ಬರೆಯುತ್ತಿದ್ದೇನೆ. ಹದಿನೆಂಟು ಸದಸ್ಯರಲ್ಲಿ ಹನ್ನೆರಡು ಕೈ ಬೇಕು, ಹನ್ನೆರಡೂ ಗಟ್ಟಿ. ಸಭೆಯ ದಿನ ಬೆಳಿಗ್ಗೆ ಸಾಹೇಬರ ಜೀಪು ಬಂತು. ಹನ್ನೊಂದು ಜನ ಕೂತರು. ಹನ್ನೆರಡನೆಯವನು ಬರಲಿಲ್ಲ. ಫೋನ್ ಮಾಡಿದರೆ ಅವನ ತೋಟದ ಮನೆಯ ಸುತ್ತ ರಾತ್ರಿ ಬಂದ ಮೂರು ಆನೆ ಇನ್ನೂ ಹೋಗಿಲ್ಲ, ಬಾಗಿಲು ತೆಗೆಯುವ ಹಾಗಿಲ್ಲ. ಅರಣ್ಯದವರು ಪಟಾಕಿ ಹಿಡಿದು ಹೋಗುವಷ್ಟರಲ್ಲಿ ಹೊತ್ತು ಮೀರಿತು. ಗೊತ್ತುವಳಿ ಬಿದ್ದುಹೋಯಿತು.

ಹುಡುಗಿ ನಕ್ಕು ನಕ್ಕು ಜಗಲಿಯ ಕಂಬ ಹಿಡಿದುಕೊಂಡಳು. “ಆಮೇಲೆ ಅಧ್ಯಕ್ಷರು ಏನಾದರು?” ಎಂದು ನಾನು ಕೇಳಿದೆ.

“ಏನಾಯ್ತಾರೆ? ಅವಧಿ ಪೂರಾ ಮುಗಿಸಿದ್ರು. ಆ ವರ್ಸ ಊರಲ್ ಗಣಪತಿ ಕೂರ್ಸೋ ಖರ್ಚೆಲ್ಲ ಅವರ್ದೇ.”